ಸಂಶೋಧನೆಗೆ ಅನುದಾನ: ಅರ್ಜಿ ಬರೆಯುವುದು ಹೇಗೆ?

ಬಳ್ಳಾರಿಯ ಜೀನ್ಸ್ ಪ್ಯಾಂಟ್ ಊರೂರಿಗೆ ಹೋಗುತ್ತದೆ. ಅದನ್ನು ಹೊಲಿಯುವವರ ಕುತ್ತಿಗೆ ನೋವು ಪಾರ್ವತಿನಗರದ ನನ್ನ ದವಾಖಾನೆಗೆ ಬರುತ್ತದೆ. ಹಲವರು ಬಂದ ಕೂಡಲೇ "ಡಾಕ್ಟ್ರೇ, ಹಿಜಾಮ ಮಾಡಿ" ಎನ್ನುತ್ತಾರೆ. ಮಾಡಿಸಿಕೊಂಡು ಹಗುರವಾಯಿತು ಎನ್ನುವವರೂ ಇದ್ದಾರೆ. ಆದರೆ ನೋವು ಇಳಿದದ್ದು ಹಿಜಾಮದಿಂದಲೋ, ಎರಡು ದಿನ ಮಷಿನ್ ಬಿಟ್ಟು ಮಲಗಿದ್ದರಿಂದಲೋ? ಇದನ್ನು ತಿಳಿಯಲು ಅಧ್ಯಯನ ಬೇಕು, ಅಧ್ಯಯನಕ್ಕೆ ಹಣ ಬೇಕು, ಹಣಕ್ಕೆ ಅರ್ಜಿ ಬೇಕು.

ನನ್ನ ಮೊದಲ ಅರ್ಜಿಯಲ್ಲಿ ನಾಲ್ಕು ಪುಟ ಇಬ್ನ್ ಸೀನಾರ ಹಿರಿಮೆಯೇ ಇತ್ತು. ಅದು ಒಂದೇ ಸಾಲಿನೊಂದಿಗೆ ಹಿಂದಿರುಗಿತು: "ನಿಮ್ಮ ಪ್ರಶ್ನೆ ಏನು?" ಕೇಳಿದ್ದು ಸರಿಯಾಗಿಯೇ ಇತ್ತು. ಯುನಾನಿ ಓದುತ್ತಿರುವ ಮಕ್ಕಳು ಈ ತಪ್ಪು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ: "ಹಿಜಾಮ ಒಳ್ಳೆಯದೇ?" ಎಂಬುದು ಅಳೆಯಲು ಬಾರದ ಪ್ರಶ್ನೆ. "ಮೂರು ತಿಂಗಳಿಗಿಂತ ಹೆಚ್ಚು ಕಾಲ ಕುತ್ತಿಗೆ ನೋವಿರುವ ಹೊಲಿಗೆಯವರಿಗೆ ವ್ಯಾಯಾಮದ ಜೊತೆ ಹಿಜಾಮ ಮಾಡಿದರೆ, ಬರೀ ವ್ಯಾಯಾಮಕ್ಕಿಂತ ನಾಲ್ಕು ವಾರಗಳಲ್ಲಿ ನೋವು ಹೆಚ್ಚು ಇಳಿಯುತ್ತದೆಯೇ?" ಎಂಬುದನ್ನು ಅಳೆಯಬಹುದು.

ಹಿಂದಿನ ಕೆಲಸ: ಈ ಬಗ್ಗೆ ಯಾರು ಏನು ಕಂಡುಕೊಂಡಿದ್ದಾರೆ, ಏನು ಉಳಿದಿದೆ ಎಂದು ಬರೆಯಿರಿ.

ವಿಧಾನ: ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು, ವೈದ್ಯರ ಇಷ್ಟದಂತೆ ಅಲ್ಲ. ನೋವನ್ನು 0ಯಿಂದ 10ರ ಅಳತೆಯಲ್ಲಿ ದಾಖಲಿಸಬಹುದು. ಎಷ್ಟು ಜನ ಬೇಕೆಂಬುದನ್ನು ಸಂಖ್ಯಾಶಾಸ್ತ್ರಜ್ಞರನ್ನು ಮೊದಲೇ ಕೇಳಿ.

ರಕ್ಷಣೆ: ನೈತಿಕ ಸಮಿತಿಯ ಅನುಮತಿ, ರೋಗಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಎರಡೂ ಬೇಕು. ರಕ್ತ ತೆಗೆಯುವ ಚಿಕಿತ್ಸೆಯಾದ್ದರಿಂದ ಒಬ್ಬರಿಗೆ ಬಳಸಿದ ಬ್ಲೇಡ್ ಮತ್ತೊಬ್ಬರಿಗೆ ಕೂಡದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರನ್ನು ಸೇರಿಸಬಾರದು. ಮೊದಲ ರೋಗಿಯನ್ನು ಸೇರಿಸುವ ಮುನ್ನವೇ 2007ರಲ್ಲಿ ಆರಂಭವಾದ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಹೆಸರು ದಾಖಲಾಗಬೇಕು.

ಬಜೆಟ್: ಕಪ್, ಬ್ಲೇಡ್, ಸಹಾಯಕರ ಸಂಬಳ, ರೋಗಿಯ ಆಟೋ ಖರ್ಚು ಹೀಗೆ ಪ್ರತಿ ರೂಪಾಯಿಗೂ ಕಾರಣ ಕೊಡಿ.

ಸಂಶೋಧನೆಗೆ ಅನುದಾನ ಕೊಡುವ ಯೋಜನೆ ಆಯುಷ್ ಸಚಿವಾಲಯದಲ್ಲಿದೆ. ನನ್ನಂತೆ ದವಾಖಾನೆ ನಡೆಸುವವರು ಒಂಟಿಯಾಗಿ ಹೊರಡುವುದಕ್ಕಿಂತ ಕಾಲೇಜು ಅಥವಾ ಸಂಶೋಧನಾ ಸಂಸ್ಥೆಯೊಂದರ ಜೊತೆಗೂಡುವುದು ಲೇಸು. ಬೆಂಗಳೂರಿನಲ್ಲಿಯೇ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ.

ಕೊನೆಯದಾಗಿ, "ಪ್ರಯೋಜನ ಕಾಣಲಿಲ್ಲ" ಎಂಬ ಉತ್ತರ ಬಂದರೂ ಪ್ರಕಟಿಸುತ್ತೇವೆ ಎಂದು ಅರ್ಜಿಯಲ್ಲೇ ಬರೆಯಿರಿ. ದಿನದ ಕೂಲಿ ಬಿಟ್ಟು ನಮ್ಮ ಮುಂದೆ ಕೂರುವ ಹೊಲಿಗೆಯವನಿಗೆ ನಿಜ ತಿಳಿಯುವ ಹಕ್ಕಿದೆ.