ಬುಡಕ್ಕೆ ನೀರು ತಲುಪಿತೇ? – ಕ್ಯಾನ್ಸರ್ ಶುಶ್ರೂಷೆಯಲ್ಲಿ ರೋಗಿಯ ಪಾಲು

ಅಡಿಕೆ ತೋಟಕ್ಕೆ ನೀರು ಬಿಟ್ಟ ಮೇಲೆ ಪಂಪು ಎಷ್ಟು ಗಂಟೆ ಓಡಿತೆಂಬ ಲೆಕ್ಕಕ್ಕೇ ನಾವು ಸುಮ್ಮನಾಗುವುದಿಲ್ಲ. ಬುಡದ ಮಣ್ಣು ಕೆದಕಿ, ತೇವ ಬೇರಿಗೆ ಇಳಿದಿದೆಯೇ ಎಂದು ನೋಡುತ್ತೇವೆ. ಕ್ಯಾನ್ಸರ್ ರೋಗಿಗೆ ದಾದಿಯರು ಹೇಳುವ ಮಾತನ್ನೂ ಹೀಗೆಯೇ ಅಳೆಯಬೇಕು. ಹೇಳಿದ್ದರಲ್ಲಿ ರೋಗಿಗೆ ಎಷ್ಟು ತಲುಪಿತು, ರೋಗಿ ತನ್ನ ಕಷ್ಟವನ್ನು ಎಷ್ಟು ಬಾಯಿಬಿಟ್ಟು ಹೇಳಿದರು ಎಂಬುದು ಮುಖ್ಯ.

ಕಾಸರಗೋಡು ಕಡೆಯ ನಮಗೆ ಇದರ ಬಿಸಿ ಹೆಚ್ಚು. ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ. ತಲಶ್ಶೇರಿಗೋ ತಿರುವನಂತಪುರಕ್ಕೋ ಹೋದರೆ ಮಾತು ಮಲಯಾಳ. "ಅರ್ಥ ಆಯಿತಾ?" ಎಂದು ಕೇಳಿದರೆ, ಆಗದಿದ್ದರೂ ತಲೆಯಾಡಿಸಿ ಬಿಡುತ್ತೇವೆ. ಸಿಸ್ಟರಿಗೆ ಯಾಕೆ ತೊಂದರೆ ಎಂದು ನೋವನ್ನೂ ನುಂಗಿಕೊಳ್ಳುತ್ತೇವೆ.

ಇದಕ್ಕೆ ಸುಲಭವಾದ ಉಪಾಯವೊಂದಿದೆ. "ಅಮ್ಮಾ, ರಾತ್ರಿ ಜ್ವರ ಬಂದರೆ ಏನು ಮಾಡುತ್ತೀರಿ, ನನಗೊಮ್ಮೆ ಹೇಳಿ. ನಾನು ಸರಿಯಾಗಿ ಹೇಳಿದ್ದೇನೋ ಇಲ್ಲವೋ ನೋಡೋಣ" ಎಂದು ದಾದಿ ಕೇಳುವುದು. ಉತ್ತರ ತಪ್ಪಾದರೆ ತಪ್ಪು ರೋಗಿಯದಲ್ಲ. ದಾದಿ ಮತ್ತೊಮ್ಮೆ ಬೇರೆ ರೀತಿಯಲ್ಲಿ ಹೇಳಬೇಕು. ನೋವಿಗೂ ಅಳತೆ ಇದೆ: ನೋವಿಲ್ಲದಿದ್ದರೆ 0, ತಡೆಯಲಾರದ ನೋವಾದರೆ 10. ಅಮೆರಿಕದ ಜುಡಿತ್ ಹಿಬ್ಬಾರ್ಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಂತೂ, ತನ್ನ ಆರೋಗ್ಯವನ್ನು ನೋಡಿಕೊಳ್ಳಲು ರೋಗಿಗೆ ಎಷ್ಟು ತಿಳಿವಳಿಕೆ, ಎಷ್ಟು ಧೈರ್ಯ ಇದೆ ಎಂಬುದನ್ನು 0ರಿಂದ 100ರವರೆಗೆ ಅಳೆದು ನಾಲ್ಕು ಹಂತಗಳಲ್ಲಿ ಹೇಳುತ್ತದೆ. ಮೊದಲ ಹಂತದವರಿಗೆ ಒಮ್ಮೆಗೆ ಒಂದೇ ಮಾತು ಹೇಳಿದರೆ ಸಾಕು.

ಇದರಿಂದ ಪ್ರಯೋಜನವುಂಟೇ? ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ, ರೋಗ ದೇಹದ ಬೇರೆ ಭಾಗಗಳಿಗೂ ಹರಡಿ ಕೀಮೋಥೆರಪಿ ಪಡೆಯುತ್ತಿದ್ದ 766 ಮಂದಿಯನ್ನು ಡಾ. ಈಥನ್ ಬಾಶ್ ಮತ್ತು ಸಂಗಡಿಗರು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ವಾಂತಿ, ನೋವು, ಸುಸ್ತು ಮುಂತಾದ ಹನ್ನೆರಡು ತೊಂದರೆಗಳನ್ನು ತಾವೇ ಗಣಕಯಂತ್ರದಲ್ಲಿ ದಾಖಲಿಸುತ್ತಿದ್ದರು. ತೊಂದರೆ ಹೆಚ್ಚಿದರೆ ದಾದಿಗೆ ಸೂಚನೆ ಹೋಗುತ್ತಿತ್ತು. ಅಂಥ ಸೂಚನೆಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಿನವಕ್ಕೆ ದಾದಿಯರು ಫೋನ್ ಮಾಡಿದರು ಅಥವಾ ಔಷಧದ ಏರ್ಪಾಡು ಮಾಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಗುಂಪಿನ ಮಧ್ಯಮ ಆಯುಷ್ಯ 31.2 ತಿಂಗಳು, ಉಳಿದವರದು 26 ತಿಂಗಳು. ರೋಗಿ ಹೇಳಿದರು, ದಾದಿ ಕೇಳಿಸಿಕೊಂಡು ಕೂಡಲೇ ಕೆಲಸ ಮಾಡಿದರು.

ನಮಗೆ ಗಣಕಯಂತ್ರವೇ ಬೇಕೆಂದಿಲ್ಲ. ನಲವತ್ತು ಪುಟದ ನೋಟುಪುಸ್ತಕ ಸಾಕು.

● ಪ್ರತಿದಿನ ನೋವಿನ ಅಂಕ, ಊಟ, ವಾಂತಿ, ಭೇದಿ, ಜ್ವರ ಬರೆದಿಡಿ. ಬರೆಯಲು ಬಾರದ ಅಜ್ಜ-ಅಜ್ಜಿಯರಿಗೆ ಮೊಮ್ಮಕ್ಕಳು ಬರೆದುಕೊಡಲಿ.

● ಕೀಮೋ ಆದ ದಿನಗಳಲ್ಲಿ ಬಿಳಿ ರಕ್ತಕಣಗಳು ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ. ಜ್ವರ 100.4 ಡಿಗ್ರಿ ಮುಟ್ಟಿದರೆ, ಮಾತ್ರೆ ನುಂಗಿ ಬೆಳಗಾಗಲೆಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ತಿಳಿಸಿ.

● ರಾತ್ರಿ ಯಾರಿಗೆ ಫೋನ್ ಮಾಡಬೇಕೆಂದು ಕೇಳಿ, ಆ ನಂಬರನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆಯಿಸಿಕೊಳ್ಳಿ.

● ಹೊರಡುವ ಮೊದಲು, "ಸಿಸ್ಟರ್, ನನಗೆ ತಿಳಿದದ್ದು ಹೇಳುತ್ತೇನೆ, ಸರಿಯೋ ನೋಡಿ" ಎನ್ನಿ. ಭಾಷೆ ಬಾರದಿದ್ದರೆ ಬಲ್ಲವರನ್ನು ಜತೆಗೆ ಕರೆದೊಯ್ಯಿರಿ.

ನಮ್ಮ ಓದುಗರಲ್ಲಿ ದಾದಿಯರೂ, ದಾದಿಯರ ತಾಯ್ತಂದೆಯರೂ ಇದ್ದೀರಿ. ಕೈತುಂಬ ಕೆಲಸವಿರುವಾಗ ಎರಡು ನಿಮಿಷ ಕೂತು ಕೇಳುವುದು ಕಷ್ಟವೆಂದು ಬಲ್ಲೆವು. ಆದರೂ ಒಮ್ಮೆ ಬುಡದ ಮಣ್ಣು ಕೆದಕಿ ನೋಡಿ.