‘ಯಾವ ಜನ?’ ಎಂದು ಕೇಳಿ ಮನೆ ಇಲ್ಲ ಎಂದರೆ

ಪ್ರಶ್ನೆ: ಹಾಸನದಲ್ಲಿ ಬಾಡಿಗೆ ಮನೆ ನೋಡಲು ಹೋದಾಗ ‘ನೀವು ಯಾವ ಪೈಕಿ?’ ಎಂದು ಕೇಳಿದರು. ಹೇಳಿದ ಮೇಲೆ, ‘ಮನೆ ಕೊಟ್ಟಾಯಿತು’ ಎಂದರು. ಟು-ಲೆಟ್ ಬೋರ್ಡ್ ಇನ್ನೂ ಅಲ್ಲೇ ಇದೆ. ಇದನ್ನು ಸಾಬೀತು ಮಾಡುವುದು ಹೇಗೆ?

ಉತ್ತರ: ಆ ಬೋರ್ಡೇ ಮೊದಲ ಸಾಕ್ಷಿ. ಅದರ ಫೋಟೊ ತೆಗೆದಿಡಿ, ದಿನಾಂಕ ಬರೆದಿಡಿ. ನಿಮ್ಮಷ್ಟೇ ಸಂಬಳ, ಸಂಸಾರ ಇರುವ ಬೇರೆ ಜಾತಿಯ ಗೆಳೆಯರೊಬ್ಬರು ಅದೇ ದಿನ ಅದೇ ಮನೆ ಕೇಳಲಿ. ಅವರಿಗೆ ‘ಖಾಲಿ ಇದೆ, ಅಡ್ವಾನ್ಸ್ ಕೊಡಿ’ ಎಂದರೆ, ಬಾಯಲ್ಲಿ ಹೇಳದ ಕಾರಣ ಹೊರಬೀಳುತ್ತದೆ. ಅರ್ಥಶಾಸ್ತ್ರಜ್ಞ ಸುಖದೇವ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ಹೀಗೆಯೇ ಪರೀಕ್ಷಿಸಿ, ದಲಿತರಿಗೂ ಮುಸ್ಲಿಮರಿಗೂ ಬಾಗಿಲು ಮುಚ್ಚುವುದನ್ನು ತೋರಿಸಿದ್ದಾರೆ.

ನೀವು ಪರಿಶಿಷ್ಟ ಜಾತಿಯವರಾದರೆ ಕಾನೂನು ನಿಮ್ಮ ಬೆನ್ನಿಗಿದೆ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 4ನೇ ಕಲಂ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ವಾಸಕ್ಕೆ ಅಡ್ಡಿ ಮಾಡುವುದನ್ನು ಅಪರಾಧ ಎನ್ನುತ್ತದೆ. 12ನೇ ಕಲಂ ಇನ್ನೂ ಬಲವಾದದ್ದು: ಕೃತ್ಯ ನಡೆದದ್ದು ಸಾಬೀತಾದರೆ, ಅದಕ್ಕೆ ಅಸ್ಪೃಶ್ಯತೆಯೇ ಕಾರಣವೆಂದು ನ್ಯಾಯಾಲಯ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊರೆ ಎದುರಾಳಿಯದು. ಇದು ಗೊತ್ತಿಲ್ಲದೆಯೇ ಎಷ್ಟೋ ಜನ ಸುಮ್ಮನಾಗುತ್ತಾರೆ ಎಂಬುದೇ ನನ್ನ ಸಂಕಟ. ಧರ್ಮದ ಕಾರಣಕ್ಕೆ ಮನೆ ನಿರಾಕರಿಸುವ ಖಾಸಗಿ ಮಾಲೀಕರ ವಿರುದ್ಧ ಇಷ್ಟು ನೇರವಾದ ಕಾಯ್ದೆ ಇಲ್ಲ, ಅದು ಬರಲೇಬೇಕು.

ಪರಿಶಿಷ್ಟರಾದರೆ ದೂರಿಗೆ ದೌರ್ಜನ್ಯ ತಡೆ ಸಹಾಯವಾಣಿ 14566ಕ್ಕೆ ಕರೆ ಮಾಡಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರನ್ನು ಕೇಳಬಹುದು. ಪರಿಶಿಷ್ಟರಿಗೆ, ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ನೆರವು ಉಚಿತ. ಹೋಗುವಾಗ, ಅದೇ ಮನೆ ಕೇಳಿದ ಆ ಗೆಳೆಯರನ್ನೂ ಸಾಕ್ಷಿಗೆ ಕರೆದುಕೊಂಡು ಹೋಗಿ.