ಬಾಡಿಗೆ ಮನೆ ದುರಸ್ತಿ: ಮೇಸ್ತ್ರಿಯನ್ನು ಕರೆಯುವ ಮುನ್ನ

ಬೆಂಗಳೂರು: ಮಳೆಗಾಲ ಬಂತೆಂದರೆ ತಾರಸಿ ಸೋರುತ್ತದೆ, ಗೋಡೆಗೆ ತೇವ ಏರುತ್ತದೆ, ಸ್ವಿಚ್ ಮುಟ್ಟಲು ಭಯವಾಗುತ್ತದೆ. ಸ್ವಂತ ಮನೆಯಾದರೆ ಮೇಸ್ತ್ರಿಯನ್ನು ಕರೆಸಿದರೆ ಆಯಿತು. ಬಾಡಿಗೆ ಮನೆಯಲ್ಲಿ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ: ಖರ್ಚು ಯಾರದು? ಈ ಪ್ರಶ್ನೆಯನ್ನು ಮುಂದೂಡಿದರೆ ಮನೆ ಖಾಲಿ ಮಾಡುವ ದಿನ ಅದು ಮುಂಗಡ ಹಣದ ಜಗಳವಾಗಿ ಎದುರಾಗುತ್ತದೆ.

ಕಾನೂನು ಏನನ್ನುತ್ತದೆ?

1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇದೆ ಎಂದು ಅನೇಕರು ಭಾವಿಸುತ್ತಾರೆ. ಆದರೆ ಪ್ರಮುಖ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇಂದಿನ ದರದಲ್ಲಿ ನಗರದ ಬಹುತೇಕ ಮನೆಗಳು ಅದರ ವ್ಯಾಪ್ತಿಯಿಂದ ಹೊರಗೇ ಉಳಿಯುತ್ತವೆ.

ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಕಲಮಿನ ಪ್ರಕಾರ, ಮಾಲೀಕ ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸ್ ತಲುಪಿದ ಬಳಿಕವೂ ಸಮಂಜಸ ಅವಧಿಯಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಸಹಜ ಸವಕಳಿಯನ್ನು ಬಿಟ್ಟರೆ ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಹೊಣೆ ಬಾಡಿಗೆದಾರನದು. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಕರಾರಿನದೇ ಅಂತಿಮ ಮಾತು. 'ಮಾಲೀಕ ಮಾಡಿಸಲೇಬೇಕಾದ' ದುರಸ್ತಿ ಯಾವುದೆಂದು ತೋರಿಸಿಕೊಡಬೇಕಾದುದೂ ಆ ಕಾಗದವೇ.

ಹೊಣೆಯ ಹಂಚಿಕೆ

ಕರಾರು ಬರೆಯುವವರಿಗೆ 2021ರ ಮಾದರಿ ಬಾಡಿಗೆ ಕಾಯ್ದೆ ಒಳ್ಳೆಯ ಕೈಪಿಡಿ. ರಾಜ್ಯಗಳು ಅಳವಡಿಸಿಕೊಂಡಲ್ಲಿ ಮಾತ್ರ ಅದಕ್ಕೆ ಕಾನೂನಿನ ಬಲ ಇದ್ದರೂ, ಅದರ ಹಂಚಿಕೆ ಸ್ಪಷ್ಟವಾಗಿದೆ. ಕಟ್ಟಡದ ಮೂಲ ದುರಸ್ತಿ, ಗೋಡೆಗೆ ಸುಣ್ಣ, ಬಾಗಿಲು-ಕಿಟಕಿಗಳಿಗೆ ಬಣ್ಣ, ನೀರಿನ ಕೊಳವೆ ಹಾಗೂ ವಿದ್ಯುತ್ ವೈರಿಂಗ್ ಬದಲಾವಣೆ ಮಾಲೀಕನ ಪಾಲು. ನಲ್ಲಿ ಮತ್ತು ವಾಷರ್, ಚರಂಡಿ ಸ್ವಚ್ಛತೆ, ಸ್ವಿಚ್, ಗೀಸರ್, ಬೀಗ, ಕಿಟಕಿ ಗಾಜು ಮುಂತಾದವು ಬಾಡಿಗೆದಾರನ ಪಾಲು. ಬಾಡಿಗೆದಾರನಿಂದಲೇ ಆದ ಹಾನಿಗೆ ಮಾಲೀಕ ಹೊಣೆಯಲ್ಲ.

ಬೆಂಗಳೂರಿನ ರೂಢಿ ಇದಕ್ಕೆ ವಿರುದ್ಧವಾಗಿದೆ. ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುಂಗಡದಿಂದ ಕಡಿತ ಮಾಡುವ ಷರತ್ತು ಇಲ್ಲಿನ ಕರಾರುಗಳಲ್ಲಿ ಸಾಮಾನ್ಯ. ಸಹಿ ಹಾಕಿದ ಮೇಲೆ ಅದನ್ನು ಪ್ರಶ್ನಿಸುವುದು ಕಷ್ಟ; ಚೌಕಾಸಿ ಏನಿದ್ದರೂ ಅದಕ್ಕೆ ಮೊದಲೇ ಆಗಬೇಕು.

ಕೆಲಸಗಾರರೊಂದಿಗೆ ವ್ಯವಹಾರ

ಎಷ್ಟು ಕೆಲಸವೆಂದು ಮೊದಲೇ ಅಳೆಯಬಹುದಾದರೆ ಗುತ್ತಿಗೆ ಅನುಕೂಲ. ಬಣ್ಣದ ಕೆಲಸಕ್ಕೆ ಚದರ ಅಡಿ ಲೆಕ್ಕವಿರುತ್ತದೆ. ಎಷ್ಟು ಕೋಟ್, ಪ್ರೈಮರ್ ಮತ್ತು ಪುಟ್ಟಿ ಸೇರಿದೆಯೇ, ಬಾಗಿಲು-ಕಿಟಕಿಗಳ ಜಾಗವನ್ನು ಅಳತೆಯಲ್ಲಿ ಕಳೆಯುತ್ತಾರೆಯೇ ಎಂಬುದನ್ನು ಮೊದಲೇ ಕೇಳಬೇಕು. ಸೋರಿಕೆಯ ಮೂಲ ಹುಡುಕುವಂತಹ ಕೆಲಸಕ್ಕೆ ದಿನಗೂಲಿಯೇ ಸೂಕ್ತ. ಸಾಮಗ್ರಿ ತರುವವರು ಯಾರು ಎಂಬುದು ಇತ್ಯರ್ಥವಾಗದೆ ದರ ಹೋಲಿಸುವುದರಲ್ಲಿ ಅರ್ಥವಿಲ್ಲ.

ತೇವದ ಗೋಡೆಗೆ ಮೇಲಿಂದ ಬಣ್ಣ ಬಳಿದರೆ ಅದು ಮತ್ತೆ ಕಿತ್ತು ಬರುತ್ತದೆ. ತಾರಸಿ ಅಥವಾ ಬಚ್ಚಲಿನ ಸೋರಿಕೆ ದುರಸ್ತಿಯಾದ ಬಳಿಕ ನೀರು ಹೋಗುವ ಕಿಂಡಿ ಮುಚ್ಚಿ, ಒಂದೆರಡು ದಿನ ನೀರು ನಿಲ್ಲಿಸಿ, ಕೆಳಗಿನ ಚಾವಣಿಯನ್ನು ಪರೀಕ್ಷಿಸುವುದು ವಾಡಿಕೆ. ಹೊಸ ಸಿಮೆಂಟ್ ಗಾರೆಗೆ ಕನಿಷ್ಠ ಒಂದು ವಾರ ನೀರುಣಿಸಬೇಕು. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಗೇ ವಹಿಸಬೇಕು.

ಸಾಮಗ್ರಿಗೆ ಬೇಕಾದಷ್ಟನ್ನು ಮುಂಗಡವಾಗಿ ಕೊಟ್ಟು, ಉಳಿದದ್ದನ್ನು ಹಂತ ಹಂತವಾಗಿ ಪಾವತಿಸಿ, ಕೊನೆಯ ಕಂತನ್ನು ಪರೀಕ್ಷೆಯ ನಂತರಕ್ಕೆ ಉಳಿಸಿಕೊಳ್ಳುವುದು ಕ್ಷೇಮ. ಬಾಡಿಗೆದಾರನೇ ಕೆಲಸ ಮಾಡಿಸುವುದಾದರೆ ಅಂದಾಜು ವೆಚ್ಚಕ್ಕೆ ಮಾಲೀಕನ ಒಪ್ಪಿಗೆಯನ್ನು ಸಂದೇಶದ ರೂಪದಲ್ಲಾದರೂ ಪಡೆಯಬೇಕು. ದುರಸ್ತಿಗೆ ಮೊದಲಿನ ಹಾಗೂ ನಂತರದ ಚಿತ್ರಗಳನ್ನು, ರಸೀದಿಗಳನ್ನು ಜೋಪಾನ ಮಾಡಬೇಕು. ಇಬ್ಬರ ತಕರಾರಿನ ನಡುವೆ ಮೇಸ್ತ್ರಿಯ ಕೂಲಿ ಸಿಕ್ಕಿಹಾಕಿಕೊಳ್ಳುವುದು ನ್ಯಾಯವಲ್ಲ. ಕೆಲಸಕ್ಕೆ ಕರೆದವರೇ ಮೊದಲು ಕೂಲಿ ಕೊಟ್ಟು, ಲೆಕ್ಕವನ್ನು ಆಮೇಲೆ ತಮ್ಮೊಳಗೆ ಬಗೆಹರಿಸಿಕೊಳ್ಳಬೇಕು.

ಗುಂಡಿಗೆ ಮನುಷ್ಯರನ್ನು ಇಳಿಸುವಂತಿಲ್ಲ

ಶೌಚಗುಂಡಿ ಅಥವಾ ಒಳಚರಂಡಿ ಕಟ್ಟಿಕೊಂಡಾಗ ಯಾರನ್ನೋ ಕರೆದು ಕೆಳಗಿಳಿಸುವುದು ಅಪರಾಧ. ರಕ್ಷಣಾ ಸಾಧನಗಳಿಲ್ಲದೆ ಅಪಾಯಕಾರಿ ಸ್ವಚ್ಛತೆಗೆ ಜನರನ್ನು ನೇರವಾಗಿಯಾಗಲಿ, ಪರೋಕ್ಷವಾಗಿಯಾಗಲಿ ತೊಡಗಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮೊದಲ ಬಾರಿಯ ಉಲ್ಲಂಘನೆಗೆ 2 ವರ್ಷದವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಗುಂಡಿಯ ವಿಷಾನಿಲ ಕ್ಷಣಗಳಲ್ಲಿ ಪ್ರಾಣ ತೆಗೆಯಬಲ್ಲದು. ಹೀರುವ ಯಂತ್ರದ ವಾಹನ ಕರೆಸುವುದೇ ಇದಕ್ಕಿರುವ ದಾರಿ.

ಕೆಲಸ ಕೆಟ್ಟರೆ?

ಹಣ ಪಡೆದ ಗುತ್ತಿಗೆದಾರ ಕಳಪೆ ಕೆಲಸ ಮಾಡಿದರೆ ಅಥವಾ ಅರ್ಧಕ್ಕೇ ಬಿಟ್ಟುಹೋದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎನಿಸಬಹುದು. 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಆದರೆ ಆಯೋಗದ ಮುಂದೆ ಬಾಯಿಮಾತಿಗೆ ಬೆಲೆ ಕಡಿಮೆ. ಕೆಲಸದ ವಿವರ, ದರ, ಅವಧಿ ಮತ್ತು ಪಾವತಿಯನ್ನು ನಮೂದಿಸಿ ಇಬ್ಬರೂ ಸಹಿ ಹಾಕಿದ ಒಂದು ಹಾಳೆ, ಬಾಡಿಗೆ ಕರಾರಿನಷ್ಟೇ ಮುಖ್ಯವಾದ ದಾಖಲೆ.